ದಡಾರದ ಸೂಜಿ

ಮಗುವಿನ ಕೈಕಾಲು ಅವತ್ತು ಎಷ್ಟು ಹೊತ್ತು ಸೆಟೆದುಕೊಂಡಿದ್ದವು ಎನ್ನುವುದು ವಿಮಲಾಗೆ ಗೊತ್ತಿರಲಿಲ್ಲ. ಅರ್ಧ ನಿಮಿಷವೋ, ಹತ್ತು ನಿಮಿಷವೋ. ನಾಲ್ಕು ತಿಂಗಳಾದರೂ ಆ ಒಂದು ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ. ಅಕ್ಕಿ ಆರಿಸುತ್ತಿದ್ದರೂ ಅದೇ, ನಲ್ಲಿಗೆ ನೀರು ಬರುವ ಅರ್ಧ ತಾಸಿನ ಗಡಿಬಿಡಿಯಲ್ಲೂ ಅದೇ. ಮಗು ನಿದ್ದೆಯಲ್ಲಿ ಒಂದಿಷ್ಟು ಕೈ ಜಾಡಿಸಿದರೆ ಸಾಕು, ಎದ್ದು ಅದರ ಮೈ ಮುಟ್ಟಿ ನೋಡುತ್ತಿದ್ದಳು.

ಮಗುವಿನ ಹೆಸರು ಮುರಾರಿ, ತೀರಿಹೋದ ಅಜ್ಜನದು. ಗಂಡನ ಹೆಸರು ಹೇಗೆ ಕರೆಯುವುದೆಂದು ಅತ್ತೆ ಸುಶೀಲಾಬಾಯಿ ಮೊಮ್ಮಗನಿಗೆ 'ರಾಯರು' ಎನ್ನುತ್ತಿದ್ದರು. "ರಾಯರು ಹಾಲು ಕುಡದ್ರೇನು? ರಾಯರು ಚಡ್ಡಿ ತೋಯಿಸ್ಯಾರ ನೋಡು" ಎಂದು ಅವರು ಕೂಗಿದರೆ ಡೊಂಬಿವಲಿಯಲ್ಲಿ ಅವರಿದ್ದ ಸಾಲುಮನೆಯ ಚಾಳಿನ ಗ್ಯಾಲರಿಯಲ್ಲಿ ನಗೆ ಏಳುತ್ತಿತ್ತು.

ರಾಯರಿಗೆ ಆರನೆಯ ತಿಂಗಳಲ್ಲಿ ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯು ಮೂರಕ್ಕೂ ಕೊಡುವ ತ್ರಿಗುಣಿ ಲಸಿಕೆಯ ಕೊನೆಯ ಸೂಜಿ ಆಗಿತ್ತು. ಅದೇ ಸಂಜೆ ಜ್ವರ ಏರಿತು. ವಿಮಲಾ ನೋಡನೋಡುತ್ತಿದ್ದಂತೆ ಮಗುವಿನ ಕಣ್ಣು ಮೇಲಕ್ಕೆ ಹೋಗಿ, ಮೈ ಕಟ್ಟಿಗೆಯ ಹಾಗೆ ಬಿಗಿದುಕೊಂಡಿತು. ಧಾರವಾಡದ ಕಾಲೇಜಿನಲ್ಲಿ ಎರಡು ವರ್ಷ ಜೀವಶಾಸ್ತ್ರ ಓದಿದವಳು, ಮಗುವನ್ನು ಅತ್ತೆಯ ತೊಡೆಗೆ ಹಾಕಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗ್ಯಾಲರಿಗೆ ಓಡಿಬಿಟ್ಟಳು. ತಿರುಗಿ ಒಳಗೆ ಬಂದಾಗ ಮಗು ಅಳುತ್ತಿತ್ತು. ಅತ್ತೆ ಒದ್ದೆ ಬಟ್ಟೆಯಿಂದ ಅದರ ಎದೆ ಒರೆಸುತ್ತಿದ್ದರು.

"ಏನೂ ಆಗಿಲ್ಲ, ಜ್ವರದ ನಡುಕ. ಡಾಕ್ಟರ ಮುಂದ ಸುದ್ದಾ ಆಡಬ್ಯಾಡ" ಎಂದರು ಸುಶೀಲಾಬಾಯಿ. "ಹುಡುಗಗ ಫಿಟ್ಸ್ ಬರತಾವಂತ ಒಮ್ಮೆ ಮಂದಿ ಬಾಯಾಗ ಬಿತ್ತಂದ್ರ ಮುಗೀತು. ನಾಳೆ ಸಾಲ್ಯಾಗ, ನಾಡದು ಲಗ್ನದಾಗ, ಎಲ್ಲಾ ಕಡೆ ಅದೇ ಹೆಸರು."

ಗಂಡ ಹೃಷೀಕೇಶ ಭಿವಂಡಿಯಲ್ಲಿ ನೂಲಿನ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತ. ವಾರ ಕಳೆದ ಮೇಲೆ ವಿಮಲಾ ಅವನ ಮುಂದೆ ತೋಡಿಕೊಂಡರೆ, "ಅವ್ವ ಹೇಳ್ಯಾಳಂದ್ರ ಬಿಡು. ನೀ ವಿಚಾರ ಮಾಡೂದು ಜಾಸ್ತಿ" ಎಂದು ಬಸ್ಸಿಗೆ ಓಡಿದ್ದ. ಹೀಗೆ ಆ ಮಾತು ಮನೆಯೊಳಗೇ ಉಳಿದುಬಿಟ್ಟಿತು.

ಎಂಬತ್ತೇಳರ ಮಾರ್ಚ್ ತಿಂಗಳು. ಪಕ್ಕದ ಖೋಲಿಯ ಗಿರಿಜವ್ವನ ನಾಲ್ಕು ವರ್ಷದ ಮೊಮ್ಮಗಳ ಮೈಮೇಲೆ ಕೆಂಪು ಗುಳ್ಳೆ ಎದ್ದವು. ದಡಾರ ಎಂದು ಯಾರೂ ಅನ್ನಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ಬಂದ್ ಮಾಡಿ, ದೇವಿಯೇ ಮನೆಗೆ ಬಂದಳೆಂಬಂತೆ "ಅವ್ವ ಬಂದಾಳ" ಎಂದರು ಗಿರಿಜವ್ವ. ಅವ್ವ ಬಂದ ಮನೆಗೆ ಹೋಗದೆ ಇರುವುದುಂಟೆ? ಮಂಗಳವಾರ ಬೆಳಿಗ್ಗೆ ವಿಮಲಾ ಸೀಮೆಎಣ್ಣೆಯ ಸಾಲಿನಲ್ಲಿ ನಿಂತಿದ್ದಾಗ ಸುಶೀಲಾಬಾಯಿ ಒಂದು ಬಟ್ಟಲು ಮೊಸರನ್ನ ಹಿಡಿದು, ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಪಕ್ಕದ ಮನೆಗೆ ನಡೆದರು. ಹುಡುಗಿ ಮಲಗಿದ್ದ ಚಾಪೆಯ ತುದಿಯಲ್ಲೇ ಕೂತು, ಮಗುವಿನ ಹಣೆಗೆ ಅರಿಷಿಣ ಹಚ್ಚಿಸಿಕೊಂಡು ಬಂದರು.

ಡಬ್ಬಿ ಹೊತ್ತು ಬಂದ ವಿಮಲಾಗೆ ಮೊದಲು ಕಂಡದ್ದೇ ಆ ಹಳದಿ ಹಣೆ.

"ಅತ್ಯಾ, ಅವನ್ನ ಅಲ್ಲಿಗ್ಯಾಕ ಕರಕೊಂಡು ಹೋದ್ರಿ? ಅದು ಅಂಟೂ ಜಡ್ಡು."

"ಅವ್ವನ್ನ ಜಡ್ಡು ಅಂತೀ? ನಾ ಏನ್ ಕೆಟ್ಟ ಬಯಸಿ ಹೋದೆನೇನು? ಇವನ್ನ ಅವ್ವ ಕಾಯಲಿ ಅಂತನ ಹೋದೆ."

ಸುಶೀಲಾಬಾಯಿಯ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಆದರೆ ಸಂಜೆ ವಿಮಲಾ ಮಗುವನ್ನು ಎತ್ತಿಕೊಂಡು ಸ್ಟೇಷನ್ ಹತ್ತಿರದ ಲೇಡಿ ಡಾಕ್ಟರ, ಕರಂದೀಕರ 'ಡಾಕ್ಟರ ಬಾಯಿ'ಯ ದವಾಖಾನೆಗೆ ಹೊರಟಾಗ, ಅತ್ತೆ ತಾವಾಗಿಯೇ ಚಪ್ಪಲಿ ಮೆಟ್ಟಿ ಹಿಂದೆ ಬಂದರು.

ಡಾಕ್ಟರ ಬಾಯಿ ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ದಡಾರಕ್ಕೆ ಈಗ ಲಸಿಕೆ ಬಂದಿದೆ. ಒಂಬತ್ತು ತಿಂಗಳು ತುಂಬಿದ ಮಗುವಿಗೆ ಕೊಡಬಹುದು. ರೋಗಿಯ ಹತ್ತಿರ ಹೋದ ಮಗುವಿಗೆ ಮೂರು ದಿನದೊಳಗೆ ಕೊಟ್ಟರೆ ಬಹಳ ಸಲ ರೋಗ ತಪ್ಪುತ್ತದೆ. ಆದರೆ ಒಂದು ಬಾಟಲಿಯಲ್ಲಿ ಐದು ಮಕ್ಕಳಿಗಾಗುವಷ್ಟು ಔಷಧ. ಒಮ್ಮೆ ತೆರೆದರೆ ಅವತ್ತೇ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಬಾಟಲಿಗಳು ಬರುವುದೇ ಅಪರೂಪವಾದ್ದರಿಂದ ಐದು ಹೆಸರು ಸೇರದೆ ಅವರು ತೆರೆಯುತ್ತಿರಲಿಲ್ಲ.

"ಗುರುವಾರ ನಾಲ್ಕು ಗಂಟೆಗೆ ಅಂತ ಇಟ್ಟಿದ್ದೇನೆ. ನಾಲ್ಕು ಹೆಸರಿದೆ. ಇವನು ಐದನೆಯವನು. ಹಿಂದಿನ ಸೂಜಿಗಳಿಂದ ಏನಾದರೂ ತೊಂದರೆ ಆಗಿತ್ತೆ?"

ವಿಮಲಾ ಪಕ್ಕಕ್ಕೆ ನೋಡಿದಳು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಇಲ್ಲ" ಎಂದಳು. "ಸ್ವಲ್ಪ ಜ್ವರ, ಅಷ್ಟೇ." ಆಮೇಲೆ ಅವಸರದಿಂದ, "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದು ಸೇರಿಸಿದಳು.

"ನಾಳೆ ಸಂಜೆ ಆರರ ಒಳಗೆ ಫೋನ್ ಮಾಡಿ. ಇಲ್ಲದಿದ್ದರೆ ಆ ನಾಲ್ವರಿಗೂ ಮುಂದಿನ ವಾರ ಬನ್ನಿ ಅನ್ನಬೇಕಾಗುತ್ತದೆ."

ರಾತ್ರಿ ಊಟಕ್ಕೆ ಕೂತಾಗ ಹೃಷೀಕೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. "ಕಲತಾಕಿ ನೀನು. ನೀನ ನೋಡಿ ಏನರೆ ಮಾಡು" ಎಂದ. ಕಲಿತದ್ದೇ ಈಗ ಅವಳಿಗೆ ಮುಳುವಾಗಿತ್ತು. ಸೂಜಿ ಹಾಕಿಸಿದರೆ ಮತ್ತೆ ಜ್ವರ ಬರಬಹುದು, ಮತ್ತೆ ಕಣ್ಣು ಮೇಲಾಗಬಹುದು, ಈ ಸಲ ಅದು ನಿಲ್ಲದೇ ಹೋಗಬಹುದು. ಹಾಕಿಸದಿದ್ದರೆ ಗೋಡೆಯಾಚೆಯ ಜಡ್ಡು ಈಚೆಗೆ ಬರಬಹುದು. ಎರಡರಲ್ಲಿ ಯಾವುದು ದೊಡ್ಡದು ಎಂದು ಡಾಕ್ಟರನ್ನೇ ಕೇಳಬೇಕು. ಕೇಳಬೇಕಾದರೆ ನಡೆದದ್ದು ಹೇಳಬೇಕು.

ಬುಧವಾರ ಇಡೀ ದಿನ ಗೋಡೆಯಾಚೆಯಿಂದ ಆ ಹುಡುಗಿಯ ಕೆಮ್ಮು ಕೇಳುತ್ತಿತ್ತು. ಒಣ ಕೆಮ್ಮು, ಉಸಿರು ತೆಗೆಯಲಿಕ್ಕೂ ಪುರುಸೊತ್ತು ಕೊಡದಂಥದ್ದು. ಮಧ್ಯಾಹ್ನ ಗಿರಿಜವ್ವ ಮೊಸರನ್ನದ ಬಟ್ಟಲು ತಿರುಗಿ ಕೊಡಲು ಬಂದರು. ಮೂರು ದಿನ ನಿದ್ದೆಯಿಲ್ಲದ ಮುಖ.

"ಬಾಯಾರ, ಗುಳ್ಳಿ ಇಳ್ಯಾಕ ಹತ್ಯಾವು. ಆದ್ರ ಕೂಸು ನೀರು ಸುದ್ದಾ ಒಲ್ಲೆ ಅಂತೈತ್ರಿ. ಎದ್ಯಾಗ ಗೊರಗೊರ ಅಂತೈತಿ. ಮಗ ದವಾಖಾನಿಗೆ ಒಯ್ಯೂನು ಅಂತಾನ. ಅವ್ವ ಇರೂತನಕ ಹೆಂಗ ಒಯ್ಯೂದ್ರೀ?"

ಸುಶೀಲಾಬಾಯಿ ಬಟ್ಟಲು ಈಸಿಕೊಂಡರು. ಗೋಡೆಯಾಚೆ ಮತ್ತೆ ಕೆಮ್ಮು ಶುರುವಾಯಿತು. ಅದು ಮುಗಿಯುವವರೆಗೆ ಕಾದು ಅವರೆಂದರು: "ಒಯ್ಯಿರಿ ಗಿರಿಜವ್ವ. ಅವ್ವ ಏನೂ ಅನ್ನೂದಿಲ್ಲ. ಆಕಿನೂ ತಾಯೀನ ಅಲ್ಲೇನು? ಹೋಗ್ರಿ, ಈಗ ಒಯ್ಯಿರಿ."

ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ವಿಮಲಾ ಇದನ್ನೆಲ್ಲ ಕೇಳಿಸಿಕೊಂಡಳು. ಅರ್ಧ ತಾಸಿನಲ್ಲಿ ಗಿರಿಜವ್ವನ ಮಗ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ಐದೂವರೆಗೆ ಅವಳು ಮಗುವನ್ನು ಅತ್ತೆಗೆ ಕೊಟ್ಟು, "ಕಿಟ್ಟಣ್ಣನ ಹೋಟೆಲಿಗೆ ಹೋಗಿ ಫೋನ್ ಮಾಡಿ ಬರ್ತೀನ್ರಿ" ಎಂದಳು. ಏನೆಂದು ಹೇಳುತ್ತಾಳೆ ಅನ್ನುವುದು ಅವಳಿಗೇ ತಿಳಿದಿರಲಿಲ್ಲ. ಅತ್ತೆಯೂ ಕೇಳಲಿಲ್ಲ.

ಚಾಳಿನ ಕೆಳಗಿನ ರಸ್ತೆಯಲ್ಲಿ ಕಿಟ್ಟಣ್ಣನ ಹೋಟೆಲು. ಉಡುಪಿಯ ಕಡೆಯವ. ದುಡ್ಡಿನ ಗಲ್ಲೆಯ ಪಕ್ಕದಲ್ಲಿ ಕಪ್ಪು ಫೋನು, ಅದರ ಡಯಲಿಗೊಂದು ಸಣ್ಣ ಬೀಗ. ಲೋಕಲ್ ಟ್ರೇನು ಇಳಿದು ಬಂದವರಿಂದ ಹೋಟೆಲು ಗಿಜಿಗುಡುವ ಹೊತ್ತು ಅದು. ಕಿಟ್ಟಣ್ಣ ಬೀಗ ತೆಗೆದು ಫೋನನ್ನು ಅವಳ ಕಡೆ ತಿರುಗಿಸಿದ. ಮೂರನೆಯ ಸಲಕ್ಕೆ ಲೈನು ಸಿಕ್ಕಿತು.

"ಡಾಕ್ಟರ ಬಾಯಿ, ನಾನು ವಿಮಲಾ..."

"ಯಾರು? ಗಟ್ಟಿ ಮಾತಾಡಿ!"

"ಗಟ್ಟಿ ಹೇಳಿ ಅಮ್ಮ" ಎಂದ ಕಿಟ್ಟಣ್ಣ, ಚಿಲ್ಲರೆ ಕೊಡುತ್ತಲೇ. "ಈ ಫೋನಿಗೆ ಕಿವಿ ಮಂದ ಮಾರಾಯ್ರೆ. ನಾನು ಬೊಬ್ಬೆ ಹಾಕಿದರೂ ಊರಲ್ಲಿ ಅಣ್ಣನಿಗೆ ಕೇಳುವುದಿಲ್ಲ."

ಹತ್ತಿರದ ಮೇಜಿನಲ್ಲಿದ್ದ ಚಾಳಿನವರೇ ಇಬ್ಬರು ನಕ್ಕು ಅವಳ ಕಡೆ ತಿರುಗಿದರು. ವಿಮಲಾ ಗೋಡೆಯ ಕಡೆ ಮುಖ ಮಾಡಿದಳು.

"ವಿಮಲಾ! ಮುರಾರಿಯ ತಾಯಿ! ನಿನ್ನೆ ನಾನು ನಿಮಗೆ ಸುಳ್ಳು ಹೇಳಿದೆ. ಹಿಂದಿನ ಸೂಜಿ ಹಾಕಿದ ದಿನ ಅವನಿಗೆ ಫಿಟ್ಸ್ ಬಂದಿತ್ತು. ಜ್ವರದಲ್ಲಿ!"

ಮರಾಠಿ ಅರಿಯದವರು ಅಲ್ಲಿ ಯಾರೂ ಇರಲಿಲ್ಲ. ಲೋಟಗಳ ಸದ್ದು ಒಂದು ಗಳಿಗೆ ನಿಂತಿತು. ಆದರೆ ಆಡಿದ್ದು ಆಡಿಯಾಗಿತ್ತು.

ಆ ಕಡೆಯ ದನಿಯಲ್ಲಿ ಗದರಿಕೆ ಇರಲಿಲ್ಲ. "ಸರಿ. ಒಂದೇ ಸಲವೆ? ಎಷ್ಟು ಹೊತ್ತು ಇತ್ತು?"

"ಒಂದೇ ಸಲ. ಎಷ್ಟು ಹೊತ್ತೋ..." ವಿಮಲಾ ಗಟ್ಟಿಯಾಗಿಯೇ ಹೇಳಿದಳು. "ನನಗೆ ಗೊತ್ತಿಲ್ಲ. ನಾನು ಓಡಿಹೋಗಿದ್ದೆ."

"ನೂರಾ ಎಂಟು ರಾಮನಾಮ."

ಹಿಂದಿನಿಂದ ಬಂದ ಮಾತು. ತಿರುಗಿದರೆ ಹೋಟೆಲಿನ ಮೆಟ್ಟಿಲ ಮೇಲೆ ಮೊಮ್ಮಗನನ್ನು ಎತ್ತಿಕೊಂಡು ಸುಶೀಲಾಬಾಯಿ. ಏದುಸಿರು ಬಿಡುತ್ತಿದ್ದರು. "ಬೆರಳ ಗೆಣ್ಣಿನ ಮ್ಯಾಲೆ ಎಣಿಸಿದ್ದೆ. ನೂರಾ ಎಂಟು ಮುಗಿಯೂದ್ರಾಗ ಕೈ ಸಡ್ಲಾತು. ಕಣ್ಣು ಕೆಳಗ ಬಂದ್ವು. ಹೇಳು ಆಕಿಗೆ."

ವಿಮಲಾ ಹೇಳಿದಳು. ಆ ಕಡೆ ಡಾಕ್ಟರ ಬಾಯಿ ತಮ್ಮೊಳಗೇ ರಾಮ ರಾಮ ಎಂದು ಅಳತೆ ಹಾಕಿದಂತಿತ್ತು. "ಎರಡು ನಿಮಿಷದ ಒಳಗೆ. ಜ್ವರಕ್ಕೆ ಕೆಲವು ಮಕ್ಕಳಿಗೆ ಹಾಗಾಗುತ್ತದೆ. ಅದೊಂದೇ ಕಾರಣಕ್ಕೆ ಈ ಸೂಜಿ ಬಿಡಬೇಕಿಲ್ಲ. ಇದಕ್ಕೆ ಜ್ವರ ಬಂದರೆ ವಾರ ಕಳೆದ ಮೇಲೆ ಬರುತ್ತದೆ. ಏನು ಕೊಡಬೇಕು, ಹೇಗೆ ಮಲಗಿಸಬೇಕು, ಎಲ್ಲ ನಾಳೆ ಬರೆದುಕೊಡುತ್ತೇನೆ. ಮತ್ತೆ ಹಾಗಾಗುವುದೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ದಡಾರವೇ ಬಂದರೆ ಅದರ ಜ್ವರ ಇದಕ್ಕಿಂತ ಬಹಳ ದೊಡ್ಡದು. ನೀವು ಏನು ಹೇಳುತ್ತೀರಿ?"

ವಿಮಲಾ ಅದನ್ನಷ್ಟೂ ಕನ್ನಡದಲ್ಲಿ ಅತ್ತೆಗೆ ಹೇಳಿದಳು. ಸುಶೀಲಾಬಾಯಿ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. ವಿಮಲಾ ರಿಸೀವರಿಗೆ ಬಾಯಿ ಹಚ್ಚಿದಳು.

"ಹೆಸರು ಬರೆದುಕೊಳ್ಳಿ. ನಾಳೆ ನಾಲ್ಕಕ್ಕೆ ಕರೆತರುತ್ತೇನೆ."

"ಫೋನು ಇಡಬ್ಯಾಡ, ಇಡಬ್ಯಾಡ" ಎಂದರು ಸುಶೀಲಾಬಾಯಿ, ಗಲ್ಲೆಯ ತನಕ ಬಂದು. "ಸೂಜಿ ಹಾಕಿಸಿದ ಮ್ಯಾಲೆ ಮೈಗೆ ನೀರು ಎರೆಯಬಹುದೋ ಇಲ್ಲೋ, ಅದನ್ನೂ ಕೇಳು."