ಭಾವ ಕಟ್ಟಿದ ಹೂದೋಟ

ನನ್ನ ಅಕ್ಕನ ಗಂಡ ಗಾರೆ ಮೇಸ್ತ್ರಿ. ಮೂವತ್ತು ವರ್ಷ ಊರವರಿಗೆಲ್ಲ ಮನೆ ಕಟ್ಟಿಕೊಟ್ಟು ತಾವು ಮಾತ್ರ ಬಾಡಿಗೆ ಮನೆಯಲ್ಲೇ ಇದ್ದವರು. ಅವರ ಕೈಗೆಲಸ ಎಂಥದ್ದೆಂದು ನಾನು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ಊಟಕ್ಕೆ ಕೂತರೂ ತಟ್ಟೆ ಗೋಡೆಗೆ ಸಮನಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುವ ಮನುಷ್ಯ. ಹೋದ ವರ್ಷ ಕೊನೆಗೂ ಸ್ವಂತ ಮನೆ ಕಟ್ಟಿದರು. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಕೆಂಪು ಗಾರೆಯ ಜಗಲಿ. ಆ ಜಗಲಿಯನ್ನು ಒಂದು ವಾರ ಮಂಡಿಯೂರಿ ಉಜ್ಜಿ ಉಜ್ಜಿ ಹೊಳಪು ಬರಿಸಿದ್ದರು. ಬಂದವರು ಚಪ್ಪಲಿಯನ್ನು ಬೀದಿಯಲ್ಲೇ ಬಿಡಬೇಕಿತ್ತು.

ಅಕ್ಕ ಹೊಸ ಮನೆಗೆ ಬಂದಳು, ಅವಳ ಮಲ್ಲಿಗೆ ಗಿಡವೂ ಬಂತು, ಡಬ್ಬದ ಸಮೇತ. ಮದುವೆಯಾದ ವರ್ಷ ಅಮ್ಮನ ಮನೆಯಿಂದ ತಂದ ಗಿಡ ಅದು. ಈಗ ಅಮ್ಮನೂ ಇಲ್ಲ, ಆ ಮನೆಯೂ ಇಲ್ಲ, ನಮಗೆ ಉಳಿದಿರುವುದು ಆ ಗಿಡವೊಂದೇ. ಎರಡನೆಯ ಬಾಡಿಗೆ ಮನೆಯಲ್ಲಿ ಅಕ್ಕ ಅದನ್ನು ನೆಲಕ್ಕೆ ಹಾಕಿದ್ದಳು. ಎಂಟೇ ತಿಂಗಳಿಗೆ ಮಾಲೀಕರು ಖಾಲಿ ಮಾಡಿ ಎಂದರು. ಅಗೆದು ತೆಗೆಯುವಾಗ ಅರ್ಧ ಬೇರು ಕತ್ತರಿಸಿಹೋಗಿ ಗಿಡ ಎರಡು ವರ್ಷ ಸತ್ತಂತಿತ್ತು. ಅಂದಿನಿಂದ ಅದರ ವಾಸ ಖಾಲಿ ಪೇಂಟ್ ಡಬ್ಬದಲ್ಲಿ. ಆಮೇಲಿನ ಒಂಬತ್ತು ಮನೆಗಳಿಗೂ ಸಾಮಾನೆಲ್ಲ ಗಾಡಿಯ ಹಿಂದೆ ಹೋದರೆ, ಡಬ್ಬ ಅಕ್ಕನ ಮಡಿಲಲ್ಲಿ ಹೋಗುತ್ತಿತ್ತು. ಸ್ವಂತ ಮನೆಗೆ ಬಂದ ಮೇಲೂ ಅದನ್ನು ಕಿಟಕಿಯಲ್ಲಿ ಇಟ್ಟಳೇ ಹೊರತು ಕೆಳಗಿಳಿಸಲಿಲ್ಲ.

"ಇನ್ನಾದ್ರೂ ನೆಲಕ್ಕೆ ಹಾಕೇ" ಅಂದರು ಭಾವ.

"ಇರ್ಲಿ ಬಿಡಿ, ಅಲ್ಲೇ ಚೆನ್ನಾಗಿದೆ" ಅಂದಳು ಅಕ್ಕ.

ಆ ಮಾತು ಭಾವನಿಗೆ ನಾಟಿತು. ನನ್ನ ಹತ್ತಿರ ಬಂದು ಹೇಳಿಕೊಂಡರು: "ನಾನು ಕಟ್ಟಿದ ಮನೆ ಮೇಲೆ ಇವಳಿಗೆ ನಂಬಿಕೆ ಇಲ್ಲ ಕಣಮ್ಮ. ಇಲ್ಲೂ ಯಾರೋ ಬಂದು ಖಾಲಿ ಮಾಡಿ ಅಂತಾರೆ ಅಂದ್ಕೊಂಡಿದ್ದಾಳೆ."

ಆಮೇಲೆ ತಾವೇ ಒಂದು ದಾರಿ ಕಂಡುಕೊಂಡರು. ಮನೆ ಮುಂದೆ ಹೂದೋಟ ಮಾಡುವುದು. ಮೂರು ತಿಂಗಳಿದ್ದು ಒಣಗಿಹೋಗುವ ಹೂವಲ್ಲ, ವರ್ಷ ವರ್ಷವೂ ಅದೇ ಬೇರಿನಿಂದ ಚಿಗುರುವಂಥವು: ಕನಕಾಂಬರ, ಸೇವಂತಿಗೆ, ಸುಗಂಧರಾಜ, ಎರಡು ದಾಸವಾಳ. ಅವು ಬೇರೂರಿದ್ದು ಕಂಡರೆ ಅಕ್ಕ ತಾನಾಗಿ ಡಬ್ಬ ಇಳಿಸುತ್ತಾಳೆ ಎಂದು ಅವರ ಲೆಕ್ಕಾಚಾರ. ಉಪಾಯ ಚೆನ್ನಾಗಿಯೇ ಇತ್ತು. ಮಾಡಲು ಹೊರಟವರು ಮೇಸ್ತ್ರಿ, ಅಲ್ಲಿ ಎಡವಟ್ಟಾಯಿತು.

ದಾರ ಕಟ್ಟಿದರು, ಮೂಲೆಮಟ್ಟ ಹಿಡಿದರು. ಒಳ್ಳೆ ಕೆಂಪು ಮಣ್ಣು ತರಿಸಿ ಸುರಿದು, ನೀರು ಚಿಮುಕಿಸಿ, ಪಾಯಕ್ಕೆ ಮಾಡುವ ಹಾಗೆ ದಮ್ಮಸು ಹಾಕಿ ಕುಟ್ಟಿದರು. ಒಂದು ಪದರ ಕುಟ್ಟಿ, ಅದರ ಮೇಲೆ ಇನ್ನೊಂದು. ಸಡಿಲ ಮಣ್ಣು ಕಂಡರೆ ಅವರಿಗೆ ಆಗುವುದಿಲ್ಲ, ನಾಳೆ ಕುಸಿದರೆ ಎಂಬುದೇ ಮೂವತ್ತು ವರ್ಷದ ಭಯ. ಮೇಲೆ ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ಸರಿಯಾಗಿ ನಡುವೆ ನಿಂತ ಮೇಲೇ ಸೊಂಟ ನೆಟ್ಟಗೆ ಮಾಡಿದ್ದು. ಆಮೇಲೆ ಹಾರೆಯಲ್ಲಿ ತೂತು ಕೊರೆದು ಸಸಿ ಇಟ್ಟರು. ಒಂದೊಂದರ ಪಕ್ಕದಲ್ಲೂ ತೂಗುಗುಂಡು ಬಿಟ್ಟು ನೆಟ್ಟಗಿದೆಯೇ ಎಂದು ನೋಡಿದರು.

"ಭಾವ, ಪ್ಲಾಸ್ಟರ್ ಯಾವಾಗ?" ಎಂದೆ ನಾನು.

"ನಗು, ನಗು. ಹೂ ಬಿಟ್ಟಾಗ ಕೇಳೋಕೆ ಬರ್ತೀಯಲ್ಲ, ಆಗ ನೋಡ್ಕೋತೀನಿ."

ಹೊಸ ಗೋಡೆಗೆ ಉಣಿಸುವ ಹಾಗೆ ದಿನಕ್ಕೆ ಎರಡು ಹೊತ್ತು ನೀರು. ನೀರು ಇಂಗದೆ ತಟ್ಟೆಯಲ್ಲಿ ನಿಂತ ಹಾಗೆ ನಿಂತಿತು. ಹದಿನೈದು ದಿನಕ್ಕೆ ಎಲೆ ಹಳದಿಯಾಯಿತು, ತಿಂಗಳಾಗುವಷ್ಟರಲ್ಲಿ ಎಲ್ಲವೂ ಗೋಣು ಚೆಲ್ಲಿದವು. ಭಾವ ನೇರ ಹೋಗಿ ಸಸಿ ಮಾರಿದಾಕೆಯ ಮೇಲೆ ಹರಿಹಾಯ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಭಾವನ ನೆಲ ಡೊಂಕಿರಲಿಲ್ಲ, ತೊಂದರೆಯೇ ಅದು.

ಆಕೆಯೂ ಗಟ್ಟಿಗಿತ್ತಿ. ತನ್ನ ಸಸಿಗಳ ಮೇಲೆ ಮಾತು ಬಂದದ್ದಕ್ಕೆ ಮನೆಗೇ ಬಂದಳು. ಮಣ್ಣಿಗೆ ಬೆರಳು ಒತ್ತಿದಳು, ಇಳಿಯಲಿಲ್ಲ. ಸೊಂಟದ ಬೀಗದಕೈ ತೆಗೆದು ಒತ್ತಿದಳು, ಅದೂ ಇಳಿಯಲಿಲ್ಲ.

"ಮೇಸ್ತ್ರಿಗಳೇ, ನೀವು ಗಿಡ ನೆಟ್ಟಿದ್ದೋ ಕಂಬ ನೆಟ್ಟಿದ್ದೋ? ಬೇರೂ ಉಸಿರಾಡುತ್ತೆ. ಇದರಲ್ಲಿ ಅದು ಎಲ್ಲಿಗೆ ಹೋಗ್ಬೇಕು?"

ಭಾವ ತಲೆ ಕೆರೆದುಕೊಂಡರು. ಅಕ್ಕ ಕಿಟಕಿಯ ಬಳಿ ಹೋಗಿ ಡಬ್ಬವನ್ನು ಇನ್ನಷ್ಟು ಒಳಕ್ಕೆ ಸರಿಸಿದಳು. ಭಾವ ಅದನ್ನು ನೋಡಿದರು, ಅವರ ಮುಖವನ್ನು ನಾನು ನೋಡಿದೆ. ಅಷ್ಟು ಹೊತ್ತೂ ನಗುತ್ತಿದ್ದ ನಾನು ನಗು ನಿಲ್ಲಿಸಿದೆ.

ಮಾರನೆಯ ದಿನ ಕೆಲಸಕ್ಕೆ ಹೋಗದೆ ಭಾವ ಗುದ್ದಲಿ ಹಿಡಿದರು. ತಾವು ಮಾಡಿದ ಕೆಲಸವನ್ನು ತಾವೇ ಕಿತ್ತದ್ದು ಅವರ ಜನ್ಮದಲ್ಲಿ ಅದೇ ಮೊದಲು. ಎರಡಡಿ ಅಗೆದು, ಹೆಂಟೆ ಒಡೆದು, ಮರಳು ಸೋಸುವ ಜರಡಿಯಲ್ಲಿ ಮಣ್ಣು ಸೋಸಿ ಎಲೆಗೊಬ್ಬರ ಬೆರೆಸಿದರು. ಸಸಿ ಮಾರುವಾಕೆ ಪಕ್ಕದಲ್ಲೇ ಕೂತು ತಪ್ಪು ಹಿಡಿಯುತ್ತಿದ್ದಳು. "ತುಳೀಬೇಡಿ. ಮತ್ತೆ ತುಳಿದ್ರಿ ನೋಡಿ." ಉದುರುದುರಾದ ಆ ಮಣ್ಣನ್ನು ಕಂಡು ಭಾವನಿಗೆ ಸಂಕಟ, ಕಾಲು ತಾನಾಗಿ ಮೆಟ್ಟಲು ಹೋಗುತ್ತಿತ್ತು. ಆದರೆ ಹೊಸ ಸಸಿಗಳು ಹಿಡಿದುಕೊಂಡವು. ಸೊಟ್ಟಸೊಟ್ಟಗೆ ಬೆಳೆದು ಸೊಟ್ಟಗೇ ಮೊಗ್ಗು ಬಿಟ್ಟವು.

ಅಕ್ಕ ದಿನಾ ಬಂದು ನೋಡಿ ಸಂತೋಷಪಟ್ಟಳು. ಡಬ್ಬ ಮಾತ್ರ ಇಳಿಯಲಿಲ್ಲ. ಒಂದು ಬೆಳಿಗ್ಗೆ ಭಾವ ಕೇಳಿಯೇಬಿಟ್ಟರು, "ಈಗೇನೇ ಅಡ್ಡಿ?"

"ಮಲ್ಲಿಗೆಗೆ ಬಿಸಿಲು ಬೇಕು ರೀ. ಇಲ್ಲಿ ಹನ್ನೊಂದಕ್ಕೇ ಪಕ್ಕದ ಮನೆ ನೆರಳು ಬಂದ್ಬಿಡುತ್ತೆ. ದಿನವಿಡೀ ಬಿಸಿಲು ಬೀಳೋದು ಒಂದೇ ಕಡೆ."

"ಎಲ್ಲಿ?"

ಅಕ್ಕ ಕೈ ತೋರಿಸಲಿಲ್ಲ, ಕಣ್ಣು ಮಾತ್ರ ಕೆಂಪು ಜಗಲಿಯ ಬಲತುದಿಗೆ ಹೋಯಿತು. ಅದು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

ಭಾವ ಕೈಯಲ್ಲಿದ್ದ ಚಹಾ ಮುಗಿಯುವವರೆಗೂ ಅದನ್ನೇ ನೋಡುತ್ತ ನಿಂತರು. ಲೋಟ ಕೆಳಗಿಟ್ಟು ಒಳಗಿನಿಂದ ಉಳಿ ಸುತ್ತಿಗೆ ತಂದರು. "ಬೇಡ ರೀ" ಎಂದಳು ಅಕ್ಕ. "ಬೇಡ ಭಾವ" ಎಂದೆ ನಾನು. ಮೊದಲ ಏಟು ಬಿದ್ದಾಗ ನನಗೇ ಹಲ್ಲು ಕಿತ್ತ ಹಾಗಾಯಿತು, ಇನ್ನು ಅವರಿಗೆ ಹೇಗಾಗಿರಬೇಡ. ಎರಡಡಿ ಚೌಕ ಒಡೆದರು. ಅದನ್ನೂ ಮೂಲೆಮಟ್ಟ ಹಿಡಿದೇ ಒಡೆದರು, ಆ ಮಾತು ಬೇರೆ. ಕೆಳಗಿನ ಜಲ್ಲಿಯನ್ನೆಲ್ಲ ತೋಡಿ ತೆಗೆದು, ಸೋಸಿದ ಮಣ್ಣು ತುಂಬಿದರು. ಕುಟ್ಟಲಿಲ್ಲ.

ಅಕ್ಕ ಡಬ್ಬ ಎತ್ತಿಕೊಂಡು ಬಂದಳು. ಬೇರು ತಗಡಿಗೆ ಕಚ್ಚಿಕೊಂಡಿತ್ತು, ಎಳೆದರೆ ಬರುವಂತಿರಲಿಲ್ಲ. "ಡಬ್ಬ ಕತ್ತರಿಸಿ" ಅಂದಳು. ಭಾವ ತಗಡಿನ ಕತ್ತರಿಯಿಂದ ಸೀಳಿದರು. ಅಕ್ಕ ಗಿಡವನ್ನು ಗುಂಡಿಗಿಳಿಸಿ ಬರಿಗೈಯಲ್ಲಿ ಮಣ್ಣೆಳೆದಳು.

ಮೂರು ವಾರ ಒಂದು ಎಲೆಯೂ ಮೂಡಲಿಲ್ಲ. ಅಮ್ಮ ಕಾಯಿಲೆ ಬಿದ್ದಾಗ ಹೋಗುತ್ತಿದ್ದ ಹಾಗೆ ನಾನು ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದೆ. ನಾಲ್ಕನೆಯ ವಾರ ಬುಡದಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಒಂದಲ್ಲ, ಐದು ಚಿಗುರು. ಮೂವರೂ ಅದರ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಖುಷಿ ಹೆಚ್ಚಾದರೆ ಭಾವನಿಗೆ ಚೇಷ್ಟೆಯೂ ಹೆಚ್ಚಾಗುತ್ತದೆ.

"ಅಲ್ಲ ಕಣೇ, ಎರಡು ಬೀದಿ ಆಚೆ ಒಂದು ಸೈಟು ಇದೆಯಂತೆ, ಇದಕ್ಕಿಂತ ದೊಡ್ಡದು. ಈ ಮನೆ ಮಾರಿ ಅಲ್ಲೇ ಒಂದು ಕಟ್ಟಿಬಿಡ್ಲಾ?"

ಅಕ್ಕ ಚಿಗುರಿನಿಂದ ಕಣ್ಣು ತೆಗೆಯಲಿಲ್ಲ. "ನೀವು ಹೋಗಿ ಕಟ್ಕೊಳ್ಳಿ. ನಾನು ಬರಲ್ಲ. ಆಗಾಗ ಬಂದು ನಮ್ಮನ್ನ ನೋಡ್ಕೊಂಡು ಹೋಗ್ತಾ ಇರಿ."

ಭಾವ ನನ್ನ ಕಡೆ ತಿರುಗಿ, "ಕೇಳಿಸ್ಕೊಂಡೆಯೇನಮ್ಮ? ಇವಳು ಈ ಮನೆ ಬಿಟ್ಟು ಬರಲ್ವಂತೆ!" ಎಂದರು.