ಹಾಜರಿ ಪುಸ್ತಕದ ಚುಕ್ಕೆಗಳು

ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿಂಗ್ ಕೋರ್ಸಿಗೆ ನಾನು ಸೇರಿದ್ದು ಜೂನ್ 12ರಂದು. ಹತ್ತೊಂಬತ್ತು ಜನರಲ್ಲಿ ನಾವು ನಾಲ್ವರು ಹುಡುಗಿಯರು. ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಕೂರಬೇಕಾದರೆ ನಲವತ್ತು ಗಂಟೆ ಲ್ಯಾಬ್ ಆಗಿರಬೇಕು ಎಂದು ಮೊದಲ ದಿನವೇ ಹೇಳಿದ್ದರು. ಹಾಗಾಗಿ ಡೈರಿಯ ಹಿಂದಿನ ಪುಟದಲ್ಲಿ ಒಂದು ಪಟ್ಟಿ ಶುರು ಮಾಡಿದೆ. ತಾರೀಖು, ಯಾವ ಮಿಷನ್, ಎಷ್ಟು ನಿಮಿಷ. ಇನ್ನೊಂದು ಅಂಕಣದಲ್ಲಿ ಆ ದಿನ ಕಂಡದ್ದು ಏನಿದ್ದರೂ: ಕರೆಂಟು ಹೋಯಿತು, ಮಳೆ, ತಲೆನೋವು, ಕಣ್ಣುರಿ. ಬರೆದಿಡುವುದು ನನ್ನ ಚಾಳಿ. ಮನೆಯಲ್ಲಿ ರೇಷ್ಮೆ ಹುಳುವಿಗೆ ಎಷ್ಟನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಯಾವತ್ತು ಎದ್ದವು ಎಂದು ಬರೆಯುತ್ತಿದ್ದವಳೂ ನಾನೇ.

ಅದು ರೇಷ್ಮೆ ಗೂಡಿಗೆ ಒಳ್ಳೆಯ ಬೆಲೆ ಬಂದ ವರ್ಷ. ಕೂಟಗಲ್ ಕಡೆಯ ನಮ್ಮ ಊರಿನಲ್ಲಿ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಕುರಿ ಕಟ್ಟುತ್ತಿದ್ದ ಕೊಟ್ಟಿಗೆಗಳಿಗೂ ಹುಳು ಸಾಕುವ ತಟ್ಟೆಗಳು ಬಂದಿದ್ದವು. ರಾಮನಗರದಲ್ಲಿ ನಮ್ಮ ಕಂಪ್ಯೂಟರ್ ಶಾಲೆ ನಡೆಸುತ್ತಿದ್ದ ಮೇಷ್ಟ್ರಿಗೂ ಅದೇ ಹಂಬಲ. ಅವರ ಮನೆಯ ಮಹಡಿಯ ಮೇಲೆ ಉದ್ದನೆಯ ಒಂದು ಹಾಲ್ ಇತ್ತು. ಆ ವರ್ಷವೇ ಹೊಸದಾಗಿ ಅದರ ನಡುವೆ ಪ್ಲೈವುಡ್ ಗೋಡೆ ನಿಲ್ಲಿಸಿ, ಒಂದು ಅರ್ಧದಲ್ಲಿ ಎಂಟು ಕಂಪ್ಯೂಟರ್, ಇನ್ನೊಂದು ಅರ್ಧದಲ್ಲಿ ರೇಷ್ಮೆ ಹುಳು. ಗೋಡೆ ಚಾವಣಿ ಮುಟ್ಟುತ್ತಿರಲಿಲ್ಲ. ನಾವು ಐಪಿ ವಿಳಾಸ ಬರೆಯುತ್ತಿದ್ದರೆ ಆ ಕಡೆಯಿಂದ ಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದು ಕೇಳುತ್ತಿತ್ತು.

ಮೇಷ್ಟ್ರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಪಾಠ ಚೆನ್ನಾಗಿ ಮಾಡುತ್ತಿದ್ದರು. ಎರಡನೇ ದಿನವೇ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರು: ಯಾರೇ ಕಂಪ್ಯೂಟರ್ ಕೆಟ್ಟಿದೆ ಎಂದು ಫೋನ್ ಮಾಡಿದರೂ ನೀವು ಕೇಳಬೇಕಾದದ್ದು ಎರಡು ಪ್ರಶ್ನೆ. ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ? ಆಮೇಲೆ ಏನು ಬದಲಾಯಿತು? ನಾನು ಅದನ್ನು ಇದ್ದದ್ದು ಇದ್ದಂತೆ ಬರೆದುಕೊಂಡೆ.

ಜುಲೈ 3ರಂದು ಎರಡನೇ ನಂಬರಿನ ಮಿಷನ್ ಬೀಪ್ ಬೀಪ್ ಎಂದು ಕೂಗಿಕೊಂಡು ನಿಂತಿತು. ಪರದೆ ಕಪ್ಪು. 5ರಂದು ಐದನೆಯದೂ ಹಾಗೇ. ಎರಡರಲ್ಲೂ ರ‍್ಯಾಮ್ ಬದಲಾಯಿಸಬೇಕಾಯಿತು. ಜುಲೈ 8ರಂದು ಮೇಷ್ಟ್ರು ಹುಡುಗರನ್ನು ಲ್ಯಾಬಿಗೆ ಕಳಿಸಿ ನಮ್ಮ ನಾಲ್ವರನ್ನು ಕೆಳಗೆ ಕೂರಿಸಿದರು. ಗೋಡೆ ನೋಡಿಕೊಂಡು ಮಾತಾಡಿದರು.

"ನೋಡ್ರಮ್ಮ, ತಪ್ಪು ತಿಳ್ಕೋಬ್ಯಾಡಿ. ಇಷ್ಟ್ ದಿನ ಇಲ್ದಿದ್ದು ಈಗ ಯಾಕಾಯ್ತೈತೆ? ಆ ಮೂರು ದಿನ ಮೇಲಕ್ಕೆ ಬರಬ್ಯಾಡಿ. ಹುಳೀನ ಮನೇಲಿ ಹೆಂಗೋ ಹಂಗೆ."

ನಮಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನಮ್ಮ ಕಡೆ ಮುಟ್ಟಾದ ಹೆಂಗಸರು ಹುಳು ಮನೆಗೆ ಹೋಗುವುದಿಲ್ಲ. ಹೋದರೆ ಹುಳುವಿಗೆ ಸೀಕು ಬರುತ್ತದೆ, ಗೂಡು ಕಟ್ಟುವುದಿಲ್ಲ ಎಂಬ ನಂಬಿಕೆ. ಅದನ್ನು ಇವರು ಕಂಪ್ಯೂಟರಿಗೆ ತಂದಿದ್ದರು.

ನನ್ನ ಪಕ್ಕದಲ್ಲಿದ್ದ ಚನ್ನಪಟ್ಟಣದ ಗೆಳತಿ, ದಿನಾ ರೈಲಿನಲ್ಲಿ ಬರುತ್ತಿದ್ದವಳು, ಕೇಳಿಯೇಬಿಟ್ಟಳು. "ಸಾರ್, ಕಂಪ್ಯೂಟರ್ ಏನ್ ಗೂಡು ಕಟ್ತದಾ?"

"ಬಾಯ್ ಮಾಡಬ್ಯಾಡ ಕಣವ್ವ. ಹೇಳಿದಷ್ಟು ಕೇಳು."

ಅಷ್ಟಕ್ಕೆ ಮುಗಿಯಲಿಲ್ಲ. ಆ ದಿನಗಳಲ್ಲಿ ನಾವು ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಒಂದು ಚುಕ್ಕೆ ಇಡಬೇಕು, ಗೈರುಹಾಜರಿ ಎಂದು ಹಾಕುವುದಿಲ್ಲ ಎಂದರು. ಅದನ್ನು ದೊಡ್ಡ ಉಪಕಾರವೆಂಬಂತೆ ಹೇಳಿದರು. ಆ ಪುಸ್ತಕ ಮೆಟ್ಟಿಲ ಬಳಿಯ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಹದಿನೈದು ಹುಡುಗರೂ ಅದರಲ್ಲೇ ಸಹಿ ಮಾಡುತ್ತಿದ್ದರು. ಮೂರೇ ದಿನದಲ್ಲಿ ಅವರಿಗೆ ಚುಕ್ಕೆಯ ಅರ್ಥ ಗೊತ್ತಾಯಿತು. "ಲೇ, ಇವತ್ತು ಯಾರ್ದು ಚುಕ್ಕೆ ನೋಡ್ಲಾ" ಎಂದು ಒಬ್ಬ, "ಚುಕ್ಕಿ ರಂಗೋಲಿ ಕಣ್ಲಾ" ಎಂದು ಇನ್ನೊಬ್ಬ. ನಮ್ಮಲ್ಲಿ ಇಬ್ಬರು ಜುಲೈ ಮುಗಿಯುವ ಮೊದಲೇ ಬಿಟ್ಟರು. ಒಬ್ಬಳು ಮಾಗಡಿಯಲ್ಲಿ ಟೈಪಿಂಗ್ ಸೇರಿದಳು. ಇನ್ನೊಬ್ಬಳು ಏನು ಮಾಡಿದಳೋ ಗೊತ್ತಾಗಲಿಲ್ಲ. ಬಿಟ್ಟಾಗ ಅವರ ಲ್ಯಾಬ್ ಗಂಟೆ ಐದೂವರೆ ಮತ್ತು ಆರೂಕಾಲು. ನನ್ನ ಪಟ್ಟಿಯಲ್ಲಿ ಅವರ ಲೆಕ್ಕವನ್ನೂ ಬರೆದಿದ್ದೆ.

ನಾನು ಚುಕ್ಕೆ ಇಟ್ಟೆ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೋಪ ಬಂದಿತ್ತು, ಆದರೂ ಇಟ್ಟೆ. ಕೋರ್ಸ್ ಬಿಡಿಸಿಬಿಟ್ಟರೆ ಎಂಬ ಹೆದರಿಕೆ.

ಆಗಸ್ಟ್ 7ರಂದು ಮೂರನೆಯ ಮತ್ತು ಎಂಟನೆಯ ಮಿಷನ್ ಹೋದವು. 11ರಂದು ಎಲ್ಲ ಕಂಪ್ಯೂಟರುಗಳನ್ನೂ ಒಂದಕ್ಕೊಂದು ಜೋಡಿಸುವ ಸ್ವಿಚ್ ಪೆಟ್ಟಿಗೆಯಲ್ಲಿ ಎರಡು ದೀಪ ಆರಿದವು. ಆ ವಾರ ಚುಕ್ಕೆ ಇಟ್ಟವರು ಯಾರೂ ಮೇಲೆ ಹೋಗಿರಲಿಲ್ಲ. ಮೇಷ್ಟ್ರು ಹಾಕಿದ ನಿಯಮ ಪಾಲಿಸಿದರೂ ಮಿಷನ್ ಕೆಟ್ಟಿದೆ ಎಂದರೆ ನಿಯಮವೇ ತಪ್ಪು ಎಂದು ಯಾರಿಗಾದರೂ ಹೊಳೆಯಬೇಕು. ಅವರಿಗೆ ಹೊಳೆದದ್ದು ಬೇರೆ. ಆಗಸ್ಟ್ 13ರಂದು ತರಗತಿಯ ಎಲ್ಲರ ಮುಂದೆ ಹೇಳಿದರು: "ಯಾರೋ ಚುಕ್ಕೆ ಇಡ್ದಲೇ ಒಳಕ್ ಬಂದವ್ರೆ. ಸುಳ್ಳು ಹೇಳಿದ್ರೆ ನಾನೇನ್ ಮಾಡಾಕಾಯ್ತದೆ? ಇನ್ಮೇಲೆ ಹೆಣ್ಮಕ್ಕಳಿಗೆ ಥಿಯರಿ ಮಾತ್ರ."

ಆ ದಿನಕ್ಕೆ ನನ್ನ ಲೆಕ್ಕ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಪರೀಕ್ಷೆ ಅಕ್ಟೋಬರ್ 6ಕ್ಕೆ.

ಸುಳ್ಳುಗಾರ್ತಿ ಎನಿಸಿಕೊಂಡು ಆ ಸಂಜೆ ಮನೆಗೆ ಬಂದೆ. ಅವ್ವನಿಗೆ ಹೇಳಿದೆ. ಹುಳು ಮನೆಯ ವಿಷಯದಲ್ಲಿ ಅವ್ವ ಬಹಳ ಕಟ್ಟುನಿಟ್ಟು. ಆ ದಿನಗಳಲ್ಲಿ ನನ್ನನ್ನು ಸೊಪ್ಪು ಮುಟ್ಟಲೂ ಬಿಡುತ್ತಿರಲಿಲ್ಲ. ಅದರ ಬಗ್ಗೆ ನಮ್ಮಿಬ್ಬರ ನಡುವೆ ಬೇರೆಯದೇ ಜಗಳವಿದೆ. ಆದರೆ ಈ ಮಾತು ಕೇಳಿ ಅವ್ವ ಮೊರ ಕೆಳಗಿಟ್ಟಳು.

"ಹುಳೀಗಾದ್ರೆ ಜೀವ ಐತೆ. ಆ ಡಬ್ಬಕ್ಕೇನೈತೆ ಅವನ ತಲೆ!"

ಮರುವಾರ ನಮ್ಮ ಗೂಡು ಮಾರುಕಟ್ಟೆಗೆ ಹೋಯಿತು. ಮನೆಯಲ್ಲಿ ಮುಂದಿನ ಬೆಳೆಗೆ ಹುಳು ಮನೆ ತೊಳೆಯುವ ಕೆಲಸ. ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ಗೋಡೆ, ನೆಲ, ತಟ್ಟೆಗಳಿಗೆಲ್ಲ ಹೊಡೆದು, ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿಬಿಡುತ್ತೇವೆ. ಬಾಗಿಲು ತೆಗೆದ ದಿನ ಬಲ್ಬು ಹೊತ್ತಲಿಲ್ಲ. ಅಪ್ಪ ಹೋಲ್ಡರ್ ಬಿಚ್ಚಿ ತೋರಿಸಿದ. ಒಳಗಿನ ತಾಮ್ರ ಹಸಿರಾಗಿ ಕಿಲುಬು ಹಿಡಿದಿತ್ತು.

"ಹುಳೀನ ಮನೆ ಹೋಲ್ಡರ್ ವರ್ಸ ತಡೆಯಾಕಿಲ್ಲ ಕಣವ್ವ. ಔಷ್ದಿ ತಿಂದ್ಬುಡ್ತದೆ" ಎಂದು ಹೊಸದು ಹಾಕಿದ.

ನಾನು ಓಡಿಹೋಗಿ ಡೈರಿ ತೆಗೆದೆ. ಜೂನ್ 30: ಲ್ಯಾಬಿನಲ್ಲಿ ಕಣ್ಣುರಿ. ಆಗಸ್ಟ್ 4: ಕಣ್ಣುರಿ, ಗೆಳತಿಗೆ ಕೆಮ್ಮು. ಎರಡೂ ದಿನ ಮೇಷ್ಟ್ರು ಗೂಡು ಬಿಡಿಸಿ ಆ ಕಡೆಯ ಅರ್ಧಕ್ಕೆ ಇದೇ ಬ್ಲೀಚಿಂಗ್ ಔಷಧಿ ಹೊಡೆದಿದ್ದರು. ಮೊದಲ ಸಲ ಮೂರು ದಿನಕ್ಕೆ, ಎರಡನೆಯ ಸಲವೂ ಮೂರೇ ದಿನಕ್ಕೆ ಮಿಷನ್ ಕೆಡಲು ಶುರು. ಚಾವಣಿ ಮುಟ್ಟದ ಗೋಡೆಯ ಮೇಲಿಂದ ಘಾಟು ಈ ಕಡೆಗೆ ಇಳಿಯುತ್ತಿತ್ತು. ಲ್ಯಾಬಿನ ಕಿಟಕಿಗಳನ್ನೂ ಧೂಳು ಬರಬಾರದೆಂದು ಮುಚ್ಚಿಯೇ ಇಡುತ್ತಿದ್ದರು. ಹತ್ತೊಂಬತ್ತು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ, ಏಕೆಂದರೆ ನಾವೆಲ್ಲ ಹುಳು ಸಾಕುವ ಮನೆಯವರು. ನಮ್ಮ ಊರುಗಳಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಮನೆ ಶುಚಿಯಾಗಿದೆ ಎಂದೇ ಅರ್ಥ. ಅದರ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಅನುಮಾನ ಬರುವುದಾದರೆ ನಮ್ಮ ಮೇಲೆ.

ಮರುದಿನ ಮೆಟ್ಟಿಲ ಕೆಳಗಿನ ಗುಜರಿ ಪೆಟ್ಟಿಗೆಯಿಂದ, ಸತ್ತಿವೆ ಎಂದು ಎಸೆದಿದ್ದ ನಾಲ್ಕು ರ‍್ಯಾಮ್ ಪಟ್ಟಿಗಳನ್ನು ಎತ್ತಿಕೊಂಡೆ. ನಾಲ್ಕರಲ್ಲೂ ಮಿಷನ್ನಿನೊಳಗೆ ಕೂರುವ ಲೋಹದ ಹಲ್ಲುಗಳ ಬುಡದಲ್ಲಿ ಅದೇ ಹಸಿರು. ಮೇಷ್ಟ್ರ ಮುಂದೆ ಅವನ್ನೂ ಡೈರಿಯನ್ನೂ ಇಟ್ಟೆ. ಅವರು ತಾರೀಖುಗಳನ್ನು ನೋಡಿದರು. ರ‍್ಯಾಮ್ ಪಟ್ಟಿಯನ್ನು ತಿರುಗಿಸಿ ನೋಡಿದರು.

"ತೇವಕ್ಕೂ ಹಿಂಗಾಯ್ತದೆ."

"ಮುಂದಿನ ಸಲ ಔಷಧಿ ಯಾವತ್ತು ಸಾರ್?"

"ಸೆಪ್ಟೆಂಬರ್ ಒಂಬತ್ತೋ ಹತ್ತೋ. ಯಾಕೆ?"

"ಆವತ್ತಿಂದ ಒಂದು ವಾರದೊಳಗೆ ಇನ್ನೊಂದು ಮಿಷನ್ ಹೋಗುತ್ತೆ. ನಾವಿಬ್ಬರು ಮೆಟ್ಟಿಲೂ ಹತ್ತಿರಲ್ಲ."

ಹಿಂದೆ ನಿಂತಿದ್ದ ಹುಡುಗನೊಬ್ಬ ನಕ್ಕ. "ಏನವ್ವ, ಕಣಿ ಹೇಳಾಕ್ ಶುರು ಹಚ್ಕೊಂಡ್ಯಾ?"

ಮೂರು ವಾರ ನಾವಿಬ್ಬರು ಕೆಳಗೆ ಕೂತು ಥಿಯರಿ ಓದಿದೆವು. ಬಿಡಿ ಕೇಬಲ್ ತುಂಡುಗಳ ಎಂಟು ಎಳೆಗಳನ್ನು ಬಣ್ಣದ ಸಾಲಿಗೆ ಹೊಂದಿಸುವುದನ್ನು ಬರಿಗೈಯಲ್ಲಿ ಅಭ್ಯಾಸ ಮಾಡಿದೆವು. ಪ್ಲಗ್ ಒತ್ತುವ ಇಕ್ಕಳ ಮೇಲಿತ್ತು, ಅದನ್ನು ಕೆಳಗೆ ಕೊಡಲಿಲ್ಲ. ಸೆಪ್ಟೆಂಬರ್ 9ರಂದು ಔಷಧಿ ಹೊಡೆದರು. 12ರಂದು ನಾಲ್ಕನೆಯ ಮಿಷನ್ ಕೂಗಿಕೊಂಡಿತು. 15ರಂದು ಸ್ವಿಚ್ಚಿನ ಇನ್ನೆರಡು ದೀಪ ಆರಿದವು. ಖುಷಿಯಾಯಿತೇ ಎಂದು ಗೆಳತಿ ಕೇಳಿದಳು. ಆಗಲಿಲ್ಲ. ಇಷ್ಟು ಸುಲಭದ ಲೆಕ್ಕಕ್ಕೆ ಒಂದು ತಿಂಗಳು ನಾವು ಚುಕ್ಕೆ ಇಟ್ಟು, ಇನ್ನೊಂದು ತಿಂಗಳು ಕೆಳಗೆ ಕೂತೆವಲ್ಲ ಎಂದು ಮೈ ಉರಿಯಿತು.

16ರಂದು ಮೇಷ್ಟ್ರು ಪ್ಲೈವುಡ್ ಗೋಡೆಯ ಮೇಲಿನ ಸಂದಿಗೆ ದಪ್ಪ ಪ್ಲಾಸ್ಟಿಕ್ ಹೊಡೆಸಿದರು. ಕಿಟಕಿ ತೆಗೆಸಿದರು. ನನ್ನನ್ನು ಮೇಲಕ್ಕೆ ಕರೆದು ನಾಲ್ಕನೆಯ ಮಿಷನ್ ತೋರಿಸಿದರು. ನಾನು ಪೆನ್ಸಿಲ್ ರಬ್ಬರಿನಿಂದ ರ‍್ಯಾಮಿನ ಹಲ್ಲುಗಳನ್ನು ಹಗುರವಾಗಿ ಉಜ್ಜಿ, ಒರೆಸಿ, ತಿರುಗಿ ಕೂರಿಸಿದೆ. ಓಡಿತು. ಗುಜರಿಗೆ ಎಸೆದಿದ್ದ ನಾಲ್ಕರಲ್ಲಿಯೂ ಮೂರು ಪಟ್ಟಿ ಹಾಗೇ ಓಡಿದವು.

"ಪರವಾಗಿಲ್ವೆ" ಎಂದರು ಮೇಷ್ಟ್ರು. ತಪ್ಪಾಯಿತು ಎನ್ನಲಿಲ್ಲ. ಸುಳ್ಳು ಹೇಳಿದಿರಿ ಎಂದದ್ದು ಎಲ್ಲರ ಮುಂದೆ. ಪರವಾಗಿಲ್ಲ ಎಂದದ್ದು ನನ್ನೊಬ್ಬಳ ಮುಂದೆ.

"ಸಾರ್, ನಮ್ಮ ಲ್ಯಾಬ್ ಗಂಟೆ?"

"ಅದಕ್ಯಾಕೆ ಯೋಚ್ನೆ? ನಲವತ್ತು ಅಂತ ಬರ್ಕೊಡ್ತೀನಿ. ಇಬ್ಬರ್ಗೂ."

"ಬರೆದರೆ ಕೈಗೆ ಬರುತ್ತಾ ಸಾರ್? ನಾಳೆ ಯಾರೋ ಆಫೀಸಿಗೆ ಕರೆದರೆ ಈ ಕಾಗದ ತೋರಿಸಲಾ? ನನಗೆ ಗಂಟೆಯೇ ಬೇಕು."

ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಹುಡುಗರ ಬ್ಯಾಚಿಗೆ ಮೊದಲು, ನಮಗಿಬ್ಬರಿಗೆ ಲ್ಯಾಬ್ ಬಿಟ್ಟುಕೊಡುವುದಾಗಿ ಒಪ್ಪಿದರು. ನಾನು ಹೊರಡುವಾಗ ಹಿಂದಿನಿಂದ ಹೇಳಿದರು: "ಆ ಮೂರು ದಿನ ಮಾತ್ರ ಬರಬ್ಯಾಡಿ."

"ಕಾರಣ ಔಷಧಿ ಅಂತ ಗೊತ್ತಾಯ್ತಲ್ಲ ಸಾರ್?"

"ಔಷ್ದಿದು ಔಷ್ದಿ ಕಣಮ್ಮ. ಪದ್ಧತಿದು ಪದ್ಧತಿ."

ಅಂದು ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಸೆಪ್ಟೆಂಬರ್ 17ರಿಂದ ಅಕ್ಟೋಬರ್ 5ರವರೆಗೆ ಭಾನುವಾರ ಬಿಟ್ಟರೆ ಹದಿನಾರು ದಿನ. ದಿನಕ್ಕೆ ಎರಡು ಗಂಟೆಯಂತೆ ಮೂವತ್ತೆರಡು. ನನಗೆ ಕೊರತೆ ಇದ್ದದ್ದು ಇಪ್ಪತ್ತೆಂಟು ಗಂಟೆ ನಲವತ್ತು ನಿಮಿಷ. ಮೂರು ದಿನ ಕಳೆದರೆ ಸಿಗುವುದು ಇಪ್ಪತ್ತಾರು. ಎಷ್ಟು ಸಲ ಕೂಡಿದರೂ ಅಷ್ಟೇ.

ಸೆಪ್ಟೆಂಬರ್ 25, ಗುರುವಾರ, ನಾನು ಮುಟ್ಟಾದೆ. ಹೇಳದೆ ಹೋಗಿ ಕೂತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗೆಳತಿಯೂ ಅದನ್ನೇ ಹೇಳಿದಳು. ಆದರೆ ಸುಳ್ಳುಗಾರ್ತಿ ಎಂದು ಒಮ್ಮೆ ಕರೆಸಿಕೊಂಡಿದ್ದೆ. ಅದನ್ನು ನಿಜ ಮಾಡಿಕೊಡಲು ಮನಸ್ಸಾಗಲಿಲ್ಲ. ಮೆಟ್ಟಿಲ ಬಳಿ ಮೇಷ್ಟ್ರು ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ಹಾಜರಿ ಪುಸ್ತಕದಲ್ಲಿ ಚುಕ್ಕೆ ಇಡದೆ ಪೂರ್ತಿ ಸಹಿ ಮಾಡಿದೆ.

"ಸಾರ್, ನನಗೆ ಇವತ್ತು ಮೊದಲನೇ ದಿನ. ಲ್ಯಾಬಿಗೆ ಹೋಗ್ತಿದ್ದೀನಿ. ನಾಳೆನೂ, ನಾಳಿದ್ದೂ."

ಅವರು ಸೊಪ್ಪು ಬಿಟ್ಟು ಎದ್ದು ನಿಂತರು. ಮುಖ ಕೆಂಪಾಗಿತ್ತು, ಕೋಪಕ್ಕೋ ನಾಚಿಕೆಗೋ. "ಇಂಥದ್ನೆಲ್ಲ ಬಾಯ್ ಬಿಟ್ಟು ಹೇಳ್ತಾರೇನಮ್ಮ?"

"ಪುಸ್ತಕದಲ್ಲಿ ಬರೆಸಿದವರು ನೀವೇ ಸಾರ್."

"ಮಿಷನ್ ಹೋದ್ರೆ?"

"ಹೋದ್ರೆ ರಿಪೇರಿ ಮಾಡ್ತೀನಿ. ಅದನ್ನ ಕಲಿಯೋಕೇ ತಾನೆ ಸೇರಿರೋದು."

ಅವರು ದಾರಿ ಬಿಡಲಿಲ್ಲ. ಅಡ್ಡವೂ ಬರಲಿಲ್ಲ. ಮೆಟ್ಟಿಲ ಬುಡದಲ್ಲಿ ಅರ್ಧ ಜಾಗ ಹಿಡಿದು ನಿಂತೇ ಇದ್ದರು. ನಾನು ಗೋಡೆಗೆ ಒತ್ತಿಕೊಂಡು ಪಕ್ಕದಿಂದ ಹತ್ತಿಹೋದೆ. ಹಿಂದೆಯೇ ಗೆಳತಿ ಬಂದಳು. ಮೊದಲು ಮಾಡಿದ ಕೆಲಸ ಇಕ್ಕಳ ಕೈಗೆ ತೆಗೆದುಕೊಂಡದ್ದು. ಎರಡು ಗಂಟೆಯಲ್ಲಿ ಹನ್ನೊಂದು ಕೇಬಲ್‌ಗಳಿಗೆ ಪ್ಲಗ್ ಒತ್ತಿದೆ. ಏಳು ಸರಿ ಬಂದವು, ನಾಲ್ಕು ಹಾಳಾದವು. ನಾಲ್ಕೂ ನನ್ನ ಅವಸರದಿಂದ ಹಾಳಾದದ್ದು. ಆ ಮೂರು ದಿನ ಎಂಟು ಮಿಷನ್‌ಗಳೂ ಓಡಿದವು. ಮೇಷ್ಟ್ರು ಮೇಲೆ ಬರಲಿಲ್ಲ, ಕೆಳಗಿನಿಂದಲೇ ಎರಡು ಸಲ ಗೆಳತಿಯನ್ನು ಕೂಗಿ "ಎಲ್ಲ ಓಡ್ತವೇನಮ್ಮ?" ಎಂದು ಕೇಳಿದರು. ನನ್ನನ್ನು ಕೇಳಲಿಲ್ಲ.

ಅಕ್ಟೋಬರ್ 4ಕ್ಕೆ ನನ್ನ ಲೆಕ್ಕ ನಲವತ್ತಮೂರು ಗಂಟೆ ಇಪ್ಪತ್ತು ನಿಮಿಷ. ಗೆಳತಿಯದು ನಲವತ್ತೊಂದು. 6ರಂದು ಕನಕಪುರದಲ್ಲಿ ಪರೀಕ್ಷೆ. ಬಸ್ಸಿನ ಕೊನೆಯ ಉದ್ದ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಇನ್ನೂ ಇಬ್ಬರು ಕೂರುವಷ್ಟು ಜಾಗವಿತ್ತು. ಐದೂವರೆ ಮತ್ತು ಆರೂಕಾಲು ಲ್ಯಾಬ್ ಗಂಟೆಗೆ ನಿಂತುಹೋದ ಅವರಿಬ್ಬರಿಗೆ, ಕೆಡಿಸಿದ್ದು ಔಷಧಿ, ನಾವಲ್ಲ ಎಂದು ಯಾರು ಹೋಗಿ ಹೇಳುತ್ತಾರೆ ಎಂದು ಗೆಳತಿ ಕೇಳಿದಳು. ಮೇಷ್ಟ್ರಂತೂ ಹೇಳುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಅಲ್ಲಿಂದಲೇ ಮಾಗಡಿಯ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕಂಡಕ್ಟರನ್ನು ವಿಚಾರಿಸಿದೆ.