ಅಕ್ಕ ಮೇಷ್ಟ್ರ ಎದುರು ನಿಂತ ದಿನ

ನಾನು ಚಿಕ್ಕವಳಿದ್ದಾಗ, ಮೂರು ವರ್ಷ ತುಂಬಿದರೂ ಎರಡು ಮಾತು ಜೋಡಿಸಿ ಆಡುತ್ತಿರಲಿಲ್ಲವಂತೆ. ನೀರು ಬೇಕಾದರೆ ಬಿಂದಿಗೆಯತ್ತ ಕೈ ತೋರಿಸುತ್ತಿದ್ದೆನಂತೆ. ಅವ್ವ ಬಜೆ ಬೇರನ್ನು ತೇಯ್ದು ದಿನಾ ನನ್ನ ನಾಲಿಗೆಗೆ ಹಚ್ಚುತ್ತಿದ್ದಳು. ಆ ಘಾಟು ಈಗಲೂ ನನ್ನ ಮೂಗಿನಲ್ಲಿದೆ. ಊರವರು "ತಾನಾಗೇ ಬತ್ತದೆ ಬಿಡವ್ವ" ಎನ್ನುತ್ತಿದ್ದರು. ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ ಮಾತ್ರ ನನ್ನ ಬೆನ್ನ ಹಿಂದೆ ನಿಂತು ತಟ್ಟೆ ಬಡಿದು, ನನಗೆ ಕಿವಿ ಕೇಳಿಸುತ್ತದೆಯೇ ಎಂದು ನೋಡಿದ್ದಳಂತೆ. ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ನಮ್ಮೂರು ಪಂಚನಹಳ್ಳಿಯ ಹತ್ತಿರ. ಅಪ್ಪ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ. ಅವನ ಅಂಗಿ, ಟವೆಲ್ಲು, ಕೊನೆಗೆ ಅವನು ಕೂತೆದ್ದ ಚಾಪೆ ಕೂಡ ಹಸಿ ಸಿಪ್ಪೆಯ ವಾಸನೆ ಹೊಡೆಯುತ್ತಿತ್ತು. ನನಗೆ ಕೊನೆಗೂ ಮಾತು ಬಂತು, ಆದರೆ ತೊದಲು. ಐದು ವರ್ಷವಾದರೂ ಕುದುರೆ ನನ್ನ ಬಾಯಲ್ಲಿ 'ತುದುಲೆ'. ಮನೆಯವರನ್ನು ಬಿಟ್ಟು ಬೇರೆಯವರಿಗೆ ನಾನು ಹೇಳಿದ್ದು ಅರ್ಥವೇ ಆಗುತ್ತಿರಲಿಲ್ಲ. ಅದೂ ಸ್ವಲ್ಪ ಸರಿಹೋಯಿತು ಎನ್ನುವಷ್ಟರಲ್ಲಿ ಸ್ಕೂಲು ಶುರುವಾಯಿತು.

ಅಲ್ಲಿ 'ಮರ' ಎಂದು ಬರೆದಿದ್ದರೆ ನಾನು 'ರಮ' ಎಂದು ಓದುತ್ತಿದ್ದೆ. ಒತ್ತಕ್ಷರ ಕಂಡರೆ ಬೆವರುತ್ತಿದ್ದೆ. ಬೋರ್ಡಿನ ಮೇಲಿದ್ದ ನಾಲ್ಕು ಸಾಲು ಬರೆದುಕೊಳ್ಳುವಾಗ ಒಂದು ಸಾಲು ಎಲ್ಲೋ ಬಿಟ್ಟುಹೋಗುತ್ತಿತ್ತು. ಗಟ್ಟಿಯಾಗಿ ಓದಬೇಕಾದ ದಿನ ಬೆಳಗ್ಗೆಯೇ ಹೊಟ್ಟೆನೋವು. ಸುಳ್ಳು ನೋವಲ್ಲ, ನಿಜವಾಗಿಯೂ ನೋಯುತ್ತಿತ್ತು. ಆದರೆ ಮೇಷ್ಟ್ರು ಒಮ್ಮೆ ಹೇಳಿದ ಕಥೆಯನ್ನು ಸಂಜೆ ಅಪ್ಪನಿಗೆ ಒಂದು ಮಾತೂ ಬಿಡದೆ ಹೇಳುತ್ತಿದ್ದೆ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಮೇಷ್ಟ್ರು ಅಪ್ಪನನ್ನು ಕರೆಸಿದರು. ಹೈಸ್ಕೂಲಿನಲ್ಲಿದ್ದ ಅಕ್ಕ ಅವತ್ತು ತನ್ನ ಸ್ಕೂಲಿಗೆ ಹೋಗದೆ ನಮ್ಮ ಜೊತೆ ಬಂದಳು. ಅಪ್ಪ ಕೈಗೆ ಅಂಟಿದ್ದ ನಾರನ್ನು ಉಜ್ಜಿಕೊಳ್ಳುತ್ತ ಬಾಗಿಲಲ್ಲೇ ನಿಂತ.

"ಇವ್ಳ ತಲೆಗೆ ಏನೂ ಹತ್ತಲ್ಲ ಕಣಪ್ಪ. ಹೇಳಿ ನೋಡ್ದೆ, ಹೊಡ್ದೂ ನೋಡ್ದೆ. ಸ್ಕೂಲು ಬಿಡ್ಸಿ ಮನೆ ಕೆಲಸಕ್ಕೆ ಹಾಕ್ಕೋ" ಎಂದು ಮೇಷ್ಟ್ರು ಕ್ಲಾಸಿನ ಎಲ್ಲರ ಮುಂದೆಯೇ ಹೇಳಿದರು.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಓದಿದವರ ಮಾತನ್ನು ಅವನು ಎಂದೂ ಮೀರಿದವನಲ್ಲ. "ಆಯ್ತು ಸ್ವಾಮಿ" ಎಂದು ನನ್ನ ಚೀಲ ಎತ್ತಿಕೊಳ್ಳಲು ಬಗ್ಗಿದ. ಅಕ್ಕ ಚೀಲದ ಮೇಲೆ ಕೈ ಇಟ್ಟಳು.

"ಅವ್ಳು ದಡ್ಡಿ ಅಲ್ಲ ಮೇಷ್ಟ್ರೇ. ಮಾತು ತಡವಾಗಿ ಬಂತು, ಬಂದ್ಮೇಲೂ ತೊದಲ್ತಿದ್ಲು. ಈಗ ಅಕ್ಷರ ತಿರುಗಾಮುರುಗಾ ಆಗುತ್ತೆ. ಅವ್ಳು ಕೂಸಾಗಿದ್ದಾಗಿಂದ ನಾನು ನೋಡ್ತಾನೇ ಇದೀನಿ, ಎಲ್ಲಾದಕ್ಕೂ ಕಾರಣ ಒಂದೇ ಇರ್ಬೇಕು. ಓದು ಅನ್ಬೇಡಿ. ನೀವೇ ಓದಿ, ಬಾಯಲ್ಲಿ ಕೇಳಿ."

"ದೊಡ್ಡೋರ ಮಧ್ಯೆ ನಿಂದೇನೇ?" ಎಂದು ಮೇಷ್ಟ್ರು ಗದರಿದರು.

"ಒಂದ್ಸಲ ಕೇಳಿ. ಹೇಳ್ದಿದ್ರೆ ನಾನೇ ಚೀಲ ಹೊತ್ಕೊಂಡು ಹೋಗ್ತೀನಿ" ಎಂದಳು ಅಕ್ಕ.

ಮೇಷ್ಟ್ರು ಇನ್ನೂ ಮಾಡದ ಪಾಠವೊಂದನ್ನು ತೆಗೆದು, ಬೇಕೆಂದೇ ಬಿರಬಿರನೆ ಓದಿದರು. ಮಳೆ ನೀರು ನೆಲದೊಳಗೆ ಇಳಿದು ಬಾವಿಗೆ ಹೇಗೆ ಬರುತ್ತದೆ ಎಂಬ ಪಾಠ. ಪುಸ್ತಕ ಮುಚ್ಚಿ, "ಬೇಸಿಗೇಲಿ ಬಾವಿ ಯಾಕೆ ಬತ್ತುತ್ತೆ, ಹೇಳು" ಎಂದರು. ನಾನು ನೆಲ ನೋಡಿದೆ. ಹಿಂದೆ ಯಾರೋ ನಕ್ಕರು. ನೋಡಿದೆಯಾ ಎನ್ನುವಂತೆ ಮೇಷ್ಟ್ರು ಅಪ್ಪನತ್ತ ತಿರುಗಿದರು.

"ಸ್ವಲ್ಪ ತಡೀರಿ, ಅವ್ಳಿಗೆ ಮಾತು ಹುಡುಕ್ಕೊಳ್ಳಕ್ಕೆ ಹೊತ್ತು ಬೇಕು" ಎಂದಳು ಅಕ್ಕ.

ಹೊರಗೆ ಕಡೂರಿನ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಅದರ ಧೂಳು ಕಿಟಕಿಯಿಂದ ಒಳಗೆ ಬಂದು ಕೂತಿತು. ಅಷ್ಟು ಹೊತ್ತು ಯಾರೂ ಎಂದೂ ನನಗಾಗಿ ಕಾದಿರಲಿಲ್ಲ. ಆಮೇಲೆ ನಾನು ಬಾಯಿಬಿಟ್ಟೆ. ಮಳೆ, ಮರಳು, ಬಂಡೆ, ಒರತೆ, ಎಲ್ಲವನ್ನೂ ಅವರು ಓದಿದ ಕ್ರಮದಲ್ಲೇ ಹೇಳಿ, ಮಳೆ ನಿಂತರೆ ಒರತೆ ಸೊರಗಿ ಬಾವಿ ಬತ್ತುತ್ತದೆ ಎಂದೆ. ಎರಡು ಕಡೆ ತೊದಲಿದೆ. ಆದರೂ ನಿಲ್ಲಿಸಲಿಲ್ಲ.

ಮೇಷ್ಟ್ರು ಮೆಚ್ಚಿ ಬೆನ್ನು ತಟ್ಟಿದರು ಎಂದುಕೊಳ್ಳಬೇಡಿ. "ಬಾಯಲ್ಲಿ ಹೇಳಿದ್ರೆ ಮಾರ್ಕ್ಸ್ ಕೊಡಕ್ಕಾಗಲ್ಲ" ಎಂದರು. ಆಗ ಅಪ್ಪ ಬಾಗಿಲಿನಿಂದ ಒಳಗೆ ಬಂದ.

"ಕೊಡ್ಬೇಡಿ ಸ್ವಾಮಿ. ಫೇಲಾದ್ರೆ ಇನ್ನೊಂದು ವರ್ಷ ಬತ್ತಾಳೆ. ಆದ್ರೆ ನಾಳೆಯಿಂದ ಅವ್ಳನ್ನ ಹೊಡೀಬೇಡಿ."

ಅಪ್ಪ ಓದಿದವರೊಬ್ಬರಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ವರ್ಷ ನಾನು ಫೇಲೇ ಆದೆ. ಅಕ್ಕ ಬಿಡಲಿಲ್ಲ. ಸಂಜೆ ಅಂಗಳದಲ್ಲಿ ಮರಳು ಹರಡಿ, ನನ್ನ ಬೆರಳು ಹಿಡಿದು ಒಂದೊಂದೇ ಅಕ್ಷರ ತಿದ್ದಿಸುತ್ತ ಅದರ ಸದ್ದನ್ನು ಬಾಯಲ್ಲಿ ಹೇಳಿಸಿದಳು. ಹತ್ತನೇ ಕ್ಲಾಸು ಮೂರನೇ ಸಲಕ್ಕೆ ಪಾಸಾದೆ. ತರೀಕೆರೆಯ ಕಡೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮಾತು ತಡವಾದ ಒಂದು ಮಗುವನ್ನೂ ನಾನು ಮೂಲೆಗೆ ಕೂರಿಸಲಿಲ್ಲ. ಈಗಲೂ ಪೇಪರನ್ನು ಬೆರಳಿಟ್ಟು ನಿಧಾನವಾಗಿಯೇ ಓದುತ್ತೇನೆ. ಯಾರಾದರೂ ನೋಡಿದರೆ ನೋಡಲಿ.

ಮೊಮ್ಮಕ್ಕಳೇ, ನಮಗೆ ಆಗ ಈ ತೊಂದರೆಗೊಂದು ಹೆಸರಿದೆ ಎಂದೇ ಗೊತ್ತಿರಲಿಲ್ಲ. ನಿಮ್ಮ ತಮ್ಮ ಎರಡು ವರ್ಷವಾದರೂ ಮಾತಾಡದಿದ್ದಾಗ ಮನೆಯಲ್ಲಿ ಯಾರೂ ಕೈಕಟ್ಟಿ ಕೂರಲಿಲ್ಲ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ಆಮೇಲೆ ಮಾತು ಕಲಿಸುವವರ ಹತ್ತಿರ ಕರೆದುಕೊಂಡು ಹೋದರು. ನಿಧಾನವಾಗಿ ಬರೆಯುವ ಮಕ್ಕಳಿಗೆ ಈಗ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ನಿಮ್ಮ ಕಾಲ ನಮ್ಮದಕ್ಕಿಂತ ಒಳ್ಳೆಯದು, ಒಪ್ಪುತ್ತೇನೆ. ಆದರೂ ಹೋದ ತಿಂಗಳು ನಿಮ್ಮ ಸ್ಕೂಲಿನ ಮೀಟಿಂಗಿನಲ್ಲಿ ಒಬ್ಬರು ಒಂದು ಮಗುವನ್ನು ತೋರಿಸಿ "ಇದು ಸ್ವಲ್ಪ ಡಲ್ಲು" ಎಂದರಲ್ಲ. ನಾನು ಎದ್ದು ನಿಂತು, ಯಾಕೆ ಹಾಗಂದಿರಿ ಎಂದು ಕೇಳಿದ್ದಕ್ಕೆ ನಿಮಗೆ ನಾಚಿಕೆಯಾಯಿತಂತೆ. ಆಗಲಿ ಬಿಡಿ. ಮುಂದಿನ ಮೀಟಿಂಗಿಗೂ ನಾನು ಬರುತ್ತೇನೆ. ಮೊದಲ ಸಾಲಿನಲ್ಲೇ ಕೂರುತ್ತೇನೆ.